ರಸ್ತೆಗೆ ದೂರ, ನೀರಿಗೆ ಹತ್ತಿರ

ನಾವಿದ್ದ ಡಗ್ಲಸ್ ಊರಿನಲ್ಲಿ ಪಕ್ಕದ ಮನೆಯ ಯಜಮಾನರು ವರ್ಷಕ್ಕೊಮ್ಮೆ ವಿಮಾನ ಹತ್ತಿ ಅಮೆರಿಕದ ಮರುಭೂಮಿಯ ಬೆಟ್ಟಗಳಿಗೆ ಹೋಗಿ ಬಿಲ್ಲಿನಿಂದ ಜಿಂಕೆ ಬೇಟೆಯಾಡುತ್ತಿದ್ದರು. ಲಾಕ್‌ಡೌನಿನಲ್ಲಿ ಎರಡೂ ಮನೆಗಳ ನಡುವಿನ ಹಿತ್ತಲ ಗೋಡೆಯ ಮೇಲೆ ನಕ್ಷೆ ಹರಡಿ, "ರಸ್ತೆಗೆ ದೂರ, ನೀರಿಗೆ ಹತ್ತಿರ, ಮಿಸೆಸ್. ಜಿಂಕೆ ಅಲ್ಲೇ ಇರೋದು" ಎಂದು ನನಗೆ ಹೇಳುತ್ತಿದ್ದರು. ಮೊಟ್ಟೆಯನ್ನೂ ಮುಟ್ಟದ ನಾನು ತಲೆಯಾಡಿಸುತ್ತಿದ್ದೆ.

ಒಂದು ದಿನ ನಕ್ಷೆ ಮಡಚಿಬಿಟ್ಟರು. "ಎಪ್ಪತ್ತಾಯ್ತು. ವಿಮಾನ ಮತ್ತೆ ಶುರುವಾಗೋ ಹೊತ್ತಿಗೆ ಕಾಲು ಸೋತಿರುತ್ತೆ. ಬಿಲ್ಲು ಯಾರಿಗಾದ್ರೂ ಕೊಟ್ಬಿಡ್ತೀನಿ."

ನಾನು ಆಗಷ್ಟೇ ಸ್ಮಾರ್ಟ್‌ಫೋನ್ ಬಳಸೋದು ಕಲಿತಿದ್ದೆ. ಮ್ಯಾಪಿನಲ್ಲಿ ಅವರ ಬೆಟ್ಟಗಳನ್ನೆಲ್ಲ ಬೆರಳಿನಿಂದ ತಡಕಾಡಿ, ರಸ್ತೆಯೇ ಇಲ್ಲದ ಕಡೆ ಪುಟ್ಟ ನೀರಿನ ಹೊಂಡವೊಂದನ್ನು ಹುಡುಕಿ ಅವರಿಗೆ ಕಳಿಸಿದೆ.

ಗೋಡೆಯಾಚೆಯಿಂದ ಕೂಗಿದರು: "ಅಲ್ಲಿಗೆ ಅರ್ಧ ದಿನ ನಡೀಬೇಕು, ಮಿಸೆಸ್!"

"ಅದಕ್ಕೇ ಅಲ್ಲಿಗೆ ಯಾರೂ ಬರಲ್ಲ. ಈಗ್ಲೇ ನಡೆಯೋಕೆ ಶುರು ಮಾಡಿ" ಎಂದೆ.

ಮರುದಿನ ಬೆಳಿಗ್ಗೆ ಬೆನ್ನಿಗೆ ಚೀಲ ಹೇರಿಕೊಂಡು ಹಿತ್ತಲಲ್ಲೇ ಸುತ್ತು ಹಾಕುತ್ತಿದ್ದರು. ಚೀಲದ ಪಕ್ಕಕ್ಕೆ ಬಿಲ್ಲನ್ನೂ ಕಟ್ಟಿಕೊಂಡಿದ್ದರು. "ಕಾಲು ಹೇಗಿದೆ?" ಎಂದೆ. "ಗ್ರ್ಯಾಂಡ್!" ಎಂದರು, ನಿಲ್ಲದೆ.