ಬ್ಯಾಟರಿಯಣ್ಣನ ಮನೆಗೆ ಕರೆಂಟು ಬಂದದ್ದು

ಬ್ಯಾಟರಿಯಣ್ಣನ ಅಂಗಿಗಳಿಗೆ ತೇಪೆ ಹಾಕುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು ಎಂದರೆ ತೀರ ಸುಳ್ಳೇನಲ್ಲ. ಆಸಿಡ್ ಸಿಡಿದ ಬಟ್ಟೆ ಮೊದಲು ಚೆನ್ನಾಗಿಯೇ ಕಾಣುತ್ತದೆ. ಒಗೆದು ಒಣಹಾಕಿದಾಗ ಸಿಡಿದಲ್ಲೆಲ್ಲ ಉದುರಿ ತೂತು ಬೀಳುತ್ತದೆ. ಅಂಥ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಅವನು ನನ್ನ ಮನೆಯ ಮುಂದಿನ ಕೋಣೆಯಲ್ಲೇ ಇರುವ ಹೊಲಿಗೆ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದ. ಇದರ ಬದಲು ಒಂದು ಜರಡಿ ಹಾಕಿಕೊಂಡು ಓಡಾಡಬಾರದೇ ಎಂದು ನಾನು ಬೈಯುತ್ತಿದ್ದೆ. ಸೆಖೆಗಾಲದಲ್ಲಿ ಗಾಳಿ ಆಡಲಿ ಬಿಡು ತಂಗಿ ಎಂದು ನಗುತ್ತಿದ್ದ. ಅವನೇನು ನನ್ನ ಒಡಹುಟ್ಟಿದವನಲ್ಲ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ, ಅಷ್ಟೇ ಸಂಬಂಧ. ಆದರೂ ಅವನು ಅಣ್ಣ, ಅವನ ಹೆಂಡತಿ ನನಗೆ ಅತ್ತಿಗೆ.

ನಮ್ಮದು ಕಲ್ಲು ಒಡೆಯುವವರ ಬೀದಿ. ಗುಡ್ಡದ ತಲೆಯ ಮೇಲೆ ಜಲ್ಲಿ ಮಾಡುವ ಕ್ರಷರ್, ಗುಡ್ಡದ ಕೆಳಗೆ ದೊಡ್ಡ ರಸ್ತೆ, ನಡುವಿನ ಇಳಿಜಾರಿನಲ್ಲಿ ನಾವು. ಕ್ರಷರಿಗೆ ಸ್ವಂತ ಜನರೇಟರ್ ಇತ್ತು. ಸಂಜೆಯಾದರೆ ಅಲ್ಲಿ ಹಗಲೋ ಹಗಲು. ಆ ಜಲ್ಲಿಯನ್ನು ಬುಟ್ಟಿಗೆ ತುಂಬಿ ತುಂಬಿ ಸೊಂಟ ಮುರಿದುಕೊಂಡು ಮನೆಗೆ ಬಂದರೆ ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಯಾವುದು ಕಲ್ಲು ಯಾವುದು ಕಾಣುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಗಾದೆ ಮಾಡಿದವನು ನಮ್ಮ ಬೀದಿಯಲ್ಲೇ ಹುಟ್ಟಿರಬೇಕು.

ನಮಗಿದ್ದ ಕರೆಂಟು ಅಂದರೆ ಬ್ಯಾಟರಿಯಣ್ಣ. ಮನೆಗೊಂದು ಹಳೆಯ ಲಾರಿ ಬ್ಯಾಟರಿ, ಅದಕ್ಕೊಂದು ಬಲ್ಬು, ಉಳ್ಳವರಾದರೆ ಒಂದು ಸಣ್ಣ ಫ್ಯಾನು. ಬ್ಯಾಟರಿ ಇಳಿದ ಮನೆಗಳಿಂದ ಬೆಳಿಗ್ಗೆ ಅವನು ಅವುಗಳನ್ನು ಎತ್ತಿ ತನ್ನ ಕೈಗಾಡಿಗೆ ಹೇರಿಕೊಂಡು ಇಳಿಜಾರು ಇಳಿಯುತ್ತಿದ್ದ. ಕೆಳಗೆ ದೊಡ್ಡ ರಸ್ತೆಯ ಪಂಕ್ಚರ್ ಅಂಗಡಿಯ ಪಕ್ಕ, ಕರೆಂಟು ಇದ್ದ ಒಂದು ತಗಡಿನ ಶೆಡ್ಡಿನಲ್ಲಿ, ಅವನ್ನು ಚಾರ್ಜಿಗೆ ಹಾಕಿ ಸಂಜೆಗೆ ಮತ್ತೆ ಮೇಲಕ್ಕೆ ತಳ್ಳಿಕೊಂಡು ಬರುತ್ತಿದ್ದ. ಯಾವ ಬ್ಯಾಟರಿ ಯಾರದೆಂದು ತಿಳಿಯಲು ಒಂದೊಂದರ ಹಿಡಿಗೂ ಬೇರೆ ಬೇರೆ ಬಣ್ಣದ ಬಟ್ಟೆಯ ಚೂರು ಕಟ್ಟಿರುತ್ತಿತ್ತು. ಚೂರುಗಳೆಲ್ಲ ನನ್ನ ಅಂಗಡಿಯವೇ. ನಮ್ಮ ಬ್ಯಾಟರಿಗೆ ಹೂವಿನ ಬಟ್ಟೆಯೇ ಬೇಕು ಎಂದು ಹಟ ಹಿಡಿದ ಹೆಂಗಸರಿದ್ದರು. ಉಡುವುದಕ್ಕಿಲ್ಲದಿದ್ದರೂ ಬ್ಯಾಟರಿಗೆ ಸಿಂಗಾರ ಬೇಕಿತ್ತು ನೋಡಿ.

ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಕ್ರಷರಿನಲ್ಲಿ ದುಡಿದವಳು. ನಗು ಜಾಸ್ತಿ, ಬಾಯಿ ಇನ್ನೂ ಜಾಸ್ತಿ. ಮಕ್ಕಳಾಗಲಿಲ್ಲ ಎಂದು ಯಾರಾದರೂ ಅಯ್ಯೋ ಪಾಪ ಎನ್ನಲು ಬಂದರೆ, ನಮ್ಮ ಮನೇಲಿ ಸಾಕೋದಕ್ಕೆ ಬೇಕಾದಷ್ಟು ಬ್ಯಾಟರಿಗಳಿವೆ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಥವಳಿಗೆ ಕೆಮ್ಮು ಶುರುವಾಯಿತು. ಮೊದಲು ಚಳಿಗೆ ಎಂದೆವು, ಆಮೇಲೆ ಒಲೆಯ ಹೊಗೆಗೆ ಎಂದೆವು. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದು, ಕಲ್ಲಿನ ಧೂಳು ಒಳಗೆಲ್ಲ ಕೂತಿದೆ, ಅದು ಇನ್ನು ಹೊರಗೆ ಬರುವುದಲ್ಲ ಎಂದರು. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಒಂದು ಯಂತ್ರವನ್ನು ಕೊಟ್ಟು, ದಿನದ ಬಹುಪಾಲು ಇದರ ಕೊಳವೆ ಮೂಗಿನಲ್ಲಿರಬೇಕು ಎಂದು ಹೇಳಿ ಕಳುಹಿಸಿದರು. ಯಂತ್ರ ಕರೆಂಟಿನದು. ನಮ್ಮ ಬೀದಿಯಲ್ಲಿ ಕರೆಂಟಿಲ್ಲ ಎಂಬುದನ್ನು ಅವರು ಕೇಳಲೂ ಇಲ್ಲ, ಅಣ್ಣ ಹೇಳಲೂ ಇಲ್ಲ. ಹೇಳಿದರೆ ಎಲ್ಲಿ ವಾಪಸ್ ಇಟ್ಟುಕೊಳ್ಳುತ್ತಾರೋ ಎಂಬ ಹೆದರಿಕೆ.

ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ ಯಂತ್ರ ಓಡಿಸಿದ. ಆದರೆ ಆ ಯಂತ್ರ ಬಕಾಸುರ. ಒಂದು ಬ್ಯಾಟರಿಯನ್ನು ಊಟದ ಹೊತ್ತಿನಿಂದ ಚಹಾದ ಹೊತ್ತಿಗೆ ನುಂಗಿ ಮುಗಿಸುತ್ತಿತ್ತು. ಬೀದಿಯವರು ತಮ್ಮ ತಮ್ಮ ಬ್ಯಾಟರಿ ತಂದಿಟ್ಟು, ಇವತ್ತು ನಮಗೆ ಚಿಮಣಿ ದೀಪ ಸಾಕು ಎಂದು ಹೋಗುತ್ತಿದ್ದರು. ಅಷ್ಟಾದರೂ ಅವಳಿಗೆ ಅರ್ಧ ಉಸಿರು. ಆಗ ಅವನು ವಿದ್ಯುತ್ ಕಚೇರಿಗೆ ಅಲೆಯಲು ಶುರು ಮಾಡಿದ. ಬೀದಿಗೆ ಕರೆಂಟು ಬಂದರೆ ಅವನ ಬ್ಯಾಟರಿಗಳನ್ನು ಕೇಳುವವರು ಯಾರು? ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುತ್ತಿದ್ದಾನೆ ಎಂದು ಜನ ಆಡಿಕೊಂಡರು. ಯೋಚನೆ ಮಾಡಿ ಹೆಜ್ಜೆ ಇಡು ಎಂದು ನಾನೂ ಹೇಳಿದೆ.

"ಹೊಟ್ಟೆಗೆ ಇನ್ನೊಂದು ದಾರಿ ಹುಡುಕ್ಕೋಬಹುದು ತಂಗಿ," ಎಂದ. "ಅವಳ ಉಸಿರಿಗೆ ಇರೋದು ಇದೊಂದೇ."

ಕಚೇರಿಯವರು ಕೆಟ್ಟವರೇನಲ್ಲ. ಅವರ ಬಳಿ ಕಂಬವಿದ್ದಾಗ ತಂತಿಯಿಲ್ಲ, ತಂತಿಯಿದ್ದಾಗ ಜನರಿಲ್ಲ. ಅಣ್ಣ ಹೋಗುತ್ತಲೇ ಇದ್ದ. ಕೊನೆಗೆ ಅಲ್ಲಿಯ ಜವಾನ ಅವನಿಗೆ ಕೇಳದೆಯೇ ಕುರ್ಚಿ ಎಳೆದು ಕೊಡುವಷ್ಟು ಸಲಿಗೆಯಾಯಿತು. ಕಂಬಗಳು ಬಂದ ದಿನ ಗುಂಡಿ ತೋಡಲು ಮೊದಲು ಹಾರೆ ಎತ್ತಿದವನೂ ಅವನೇ. ಹಗ್ಗ ಎಳೆದ, ಲೈನ್‌ಮನ್‌ಗಳಿಗೆ ನೀರು ಹೊತ್ತ. ತನ್ನ ಕೈಗಾಡಿಯಲ್ಲೇ ತಂತಿಯ ಸುರುಳಿಗಳನ್ನು ಗುಡ್ಡ ಹತ್ತಿಸಿದ. ಆ ಗಾಡಿಯ ಹಲಗೆ ಆಸಿಡ್ ಕುಡಿದು ಕಪ್ಪಾಗಿತ್ತು.

ಕರೆಂಟು ಬಂದ ಸಂಜೆ ಯಾರೂ ಹೇಳಿಕೊಡದೆ ಇಡೀ ಬೀದಿ ಒಂದೇ ಬಾಯಲ್ಲಿ "ಬಂತೂ" ಎಂದು ಕೂಗಿತು. ಮುದುಕರು, ಮಕ್ಕಳು, ಮೂರು ಹೊತ್ತೂ ಮುಖ ಗಂಟು ಹಾಕಿಕೊಂಡಿರುವ ಗಿರಣಿಯವನು, ಎಲ್ಲರೂ. ಅತ್ತಿಗೆಗೆ ಕೂಗಲು ಉಸಿರಿರಲಿಲ್ಲ. ನೀರು ಕುಡಿಯುವ ಸ್ಟೀಲ್ ಲೋಟವನ್ನು ಮಂಚದ ಕಂಬಿಗೆ ಟಣಟಣ ಬಡಿದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಹೊಸ ಲೈನು, ದಿನಾ ಹೋಗುತ್ತಿತ್ತು, ದಿನಾ ಬರುತ್ತಿತ್ತು. ಬಂದಾಗಲೆಲ್ಲ ನಾವು ಕೂಗುವುದು, ಗೋಡೆಯ ಆಚೆ ಅವಳು ಲೋಟ ಬಡಿಯುವುದು. ಆ ಸದ್ದು ಕೇಳಿದರೆ ನನಗೆ ಸಮಾಧಾನ. ಆ ವರ್ಷ ಅವಳು ಮೈ ಕೈ ತುಂಬಿಕೊಂಡು, ಕೊಳವೆ ಹಾಕಿಕೊಂಡೇ ಮಂಚದ ಮೇಲೆ ಕೂತು ತರಕಾರಿ ಹೆಚ್ಚುವಂತಾದಳು. ನನ್ನ ಬ್ಲೌಸಿನ ತೋಳು ಒಂದು ಕಡೆ ಗಿಡ್ಡ ಎಂದು ತಗಾದೆ ತೆಗೆಯುವಷ್ಟು ಗೆಲುವಾದಳು.

ಕರೆಂಟು ಹೋದಾಗ ಇರಲಿ ಎಂದು ಅಣ್ಣ ಮಂಚದ ಕೆಳಗೆ ಒಂದಿಷ್ಟು ಬ್ಯಾಟರಿಗಳನ್ನು ತುಂಬಿಸಿ ಇಟ್ಟಿದ್ದ. ಬೀದಿಯವರೆಲ್ಲ ತಮ್ಮವನ್ನು ಗುಜರಿಗೆ ಹಾಕಿ ಕೈ ತೊಳೆದುಕೊಂಡಿದ್ದರು. ಅಷ್ಟೇ ಏಕೆ, ಕ್ರಷರಿನವನೂ ಲೈನು ಬಂತೆಂದು ತನ್ನ ಜನರೇಟರನ್ನು ಬೇರೆ ಕ್ವಾರಿಗೆ ಸಾಗಿಸಿದ್ದ. ಬರಬರುತ್ತ ಕರೆಂಟು ಹೋಗುವುದೇ ಕಡಿಮೆಯಾಯಿತು. ಹೋದರೂ ಬೆಂಕಿಪೊಟ್ಟಣ ಹುಡುಕುವುದರೊಳಗೆ ಬರುತ್ತಿತ್ತು. ಅಷ್ಟು ಹೊತ್ತು ಅವಳು ತಡೆದುಕೊಳ್ಳುತ್ತಿದ್ದಳು. ತಡೆಯಲಾಗದ್ದು ಆಸಿಡ್ಡಿನ ವಾಸನೆ. ಬ್ಯಾಟರಿ ಚಾರ್ಜಾಗುವಾಗ ಬರುವ ಆ ಘಾಟಿಗೆ ಅವಳ ಕೆಮ್ಮು ಕೆರಳುತ್ತಿತ್ತು.

"ಈ ಹಾಳು ಡಬ್ಬಗಳನ್ನ ಹೊರಗೆ ಹಾಕಿ," ಎಂದಳು ಒಂದು ದಿನ. "ಕರೆಂಟು ತಂದಿದ್ದೀರಲ್ಲ, ಅದನ್ನೇ ನಂಬಬಾರದಾ?"

ಅವಳ ಮಾತು ಅವನಿಗೆ ನಾಟಿತು. ಡಾಕ್ಟರು ಕಲ್ಲಿನ ಧೂಳು ಎಂದು ಎಷ್ಟು ಸಲ ಹೇಳಿದ್ದರೂ, ತನ್ನ ಬ್ಯಾಟರಿಗಳೇ ಇವಳ ಎದೆ ಸುಟ್ಟವು ಎಂಬ ಕೊರಗು ಅವನ ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು. ಹೊರಗೆ ಜಗಲಿಯಲ್ಲಿಟ್ಟ, ಕಿಟಕಿಯಿಂದ ವಾಸನೆ ಬಂತು. ಗುಜರಿಯವನನ್ನು ಕರೆದು ಎಲ್ಲವನ್ನೂ ಎತ್ತಿಕೊಟ್ಟ. ಕೊಡುವ ಮುಂಚೆ ಹಿಡಿಗಳಿಗೆ ಕಟ್ಟಿದ್ದ ನನ್ನ ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಬಿಚ್ಚಿಟ್ಟುಕೊಂಡ. ಮನೆಯ ನೆಲವನ್ನು ತಾನೇ ಸೋಪು ಹಾಕಿ ಉಜ್ಜಿದ. ಅವಳು ಅಂದು ಚೆನ್ನಾಗಿ ನಿದ್ದೆ ಮಾಡಿದಳಂತೆ.

ಆಮೇಲೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ತಪ್ಪು ಯಾರದು ಎಂದು ಕೇಳಬೇಡಿ. ಕರೆಂಟು ಬಂತು ಎಂದು ನಾವು ಬಿಸಿನೀರಿನ ಕಾಯಿಲ್ ಕೊಂಡೆವು, ಇಸ್ತ್ರಿಪೆಟ್ಟಿಗೆ ಕೊಂಡೆವು, ನೀರಿನ ಮೋಟರ್ ಇಟ್ಟೆವು. ಗಿರಣಿಯವನು ಎರಡನೇ ಗಿರಣಿ ಹಾಕಿದ, ನಾನು ಹೊಲಿಗೆ ಯಂತ್ರಕ್ಕೆ ಮೋಟರ್ ಕೂರಿಸಿದೆ. ಜನ್ಮವಿಡೀ ಹಸಿದವರ ಮುಂದೆ ಒಂದೇ ತಟ್ಟೆ ಇಟ್ಟು, ಯಾಕೆ ಇಷ್ಟು ಅವಸರದಲ್ಲಿ ಉಂಡಿರಿ ಎಂದು ಆಮೇಲೆ ಬುದ್ಧಿ ಹೇಳಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬೆಳಗಿನ ಅಡುಗೆಯ ಹೊತ್ತು. ಢಬ್ ಎಂದಿತು, ಸುಟ್ಟ ಎಣ್ಣೆಯ ವಾಸನೆ ಬಂತು, ನನ್ನ ಯಂತ್ರ ಅರ್ಧ ಹೊಲಿಗೆಯಲ್ಲಿ ನಿಂತಿತು.

ಗೋಡೆಯ ಆಚೆ ಅವಳ ಯಂತ್ರವೂ ನಿಂತಿತು. ಅಣ್ಣ ಮಂಚದ ಕೆಳಗೆ ಬಗ್ಗಿದ. ಅಲ್ಲಿ ಏನೂ ಇಲ್ಲ ಎಂದು ಗೊತ್ತಿದ್ದೂ ಬಗ್ಗಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಬೀದಿಗೆ ಓಡಿ ಮನೆಮನೆಯ ಬಾಗಿಲು ಬಡಿದ. ಒಂದು ಕಾಲಕ್ಕೆ ಪ್ರತಿ ಮನೆಯ ಮೂಲೆಯಲ್ಲೂ ಅವನ ಕೈಯಾರೆ ತುಂಬಿದ ಬ್ಯಾಟರಿ ಇರುತ್ತಿತ್ತು. ಅಂದು ಇಡೀ ಬೀದಿಯಲ್ಲಿ ಒಂದೇ ಒಂದು ಬ್ಯಾಟರಿ ಸಿಗಲಿಲ್ಲ. ಕೆಳಗಿನ ಅವನ ಶೆಡ್ಡೂ ಎಂದೋ ಮುಚ್ಚಿಹೋಗಿತ್ತು.

ಫೋನು ಮಾಡಿದರೆ, ಟ್ರಾನ್ಸ್‌ಫಾರ್ಮರ್ ಬದಲಿಸಬೇಕು, ಸಂಜೆಯಾಗುತ್ತದೆ ಎಂದರು. ಆಂಬುಲೆನ್ಸಿನವರು, ನಿಮ್ಮ ಇಳಿಜಾರು ನಮ್ಮ ಗಾಡಿ ಹತ್ತುವುದಿಲ್ಲ, ರಸ್ತೆಗೆ ಕರೆತನ್ನಿ, ಹೊರಟಿದ್ದೇವೆ ಎಂದರು. ಅಣ್ಣ ಕೈಗಾಡಿಯ ಮೇಲೆ ಹಾಸಿಗೆ ಹಾಸಿದ. ಇಬ್ಬರು ಹಿಡಿದು ಅವಳನ್ನು ಕೂರಿಸಿದೆವು. ಅವಳ ತುಟಿ ನೇರಳೆಯಾಗಿತ್ತು. ಅಂಥದ್ದರಲ್ಲೂ ಅವನ ಅಂಗಿಯ ಕಡೆ ಬೆರಳು ತೋರಿಸಿ ನನ್ನನ್ನು ನೋಡಿದಳು. ಗಡಿಬಿಡಿಯಲ್ಲಿ ಅವನು ಹಳೆಯ ತೂತಿನ ಅಂಗಿ ಹಾಕಿಕೊಂಡಿದ್ದ. ಹೊಲಿದು ಕೊಡ್ತೀನಿ ಅತ್ತಿಗೆ ಎಂದೆ. ಅವಳು ಹೂಂ ಎನ್ನುವಂತೆ ತಲೆಯಾಡಿಸಿದಳು.

ಅವನು ಮುಂದೆ ಹಿಡಿದುಕೊಂಡ, ನಾನೂ ಎದುರು ಮನೆಯಾಕೆಯೂ ಹಿಂದಿನಿಂದ ಎಳೆದು ಹಿಡಿದೆವು. ಜಲ್ಲಿ ಚೆಲ್ಲಿದ ಇಳಿಜಾರು, ಗಾಡಿ ಜಾರಿದರೆ ಮುಗಿಯಿತು. ಅವಳು ಒಂದೊಂದು ಉಸಿರನ್ನೂ ಬಾವಿಯಿಂದ ನೀರು ಸೇದಿದಂತೆ ಸೇದುತ್ತಿದ್ದಳು. ಅರ್ಧ ದಾರಿ ಇಳಿದೆವು. ಕೆಳಗೆ ರಸ್ತೆ ಕಾಣುತ್ತಿತ್ತು, ಆಂಬುಲೆನ್ಸ್ ಕಾಣುತ್ತಿರಲಿಲ್ಲ.

ಆಗ ಮೇಲಿನಿಂದ ಕೂಗು ಕೇಳಿಸಿತು. "ಬಂತೂ."

ಲೈನ್‌ಮನ್‌ಗಳು ಅಣ್ಣನ ಹೆಂಡತಿಗಾಗಿ ಎದ್ದೂ ಬಿದ್ದೂ ಬಂದು, ಪಕ್ಕದ ಲೈನಿನಿಂದ ಹೇಗೋ ಎಳೆದು ಕೊಟ್ಟಿದ್ದರಂತೆ. ಅದು ನಮಗೆ ತಿಳಿದದ್ದು ಆಮೇಲೆ. ಬೀದಿಯವರು ಎಂದಿನಂತೆ ಕೂಗಿದರು. ಎಂದಿಗಿಂತ ಜೋರಾಗಿಯೇ ಕೂಗಿದರು, ಅವಳಿಗೆ ಕೇಳಲಿ ಎಂದು. ಅವಳು ಕಣ್ಣು ತೆರೆದಳು. ಕೈಯಲ್ಲಿ ಲೋಟವಿರಲಿಲ್ಲ. ಬೆರಳಿನ ಗೆಣ್ಣಿನಿಂದ ಗಾಡಿಯ ಹಲಗೆಯನ್ನು ಮೆಲ್ಲಗೆ ಬಡಿದಳು.

ಅಣ್ಣ ನಿಂತ. ಕೆಳಗೆ ಖಾಲಿ ರಸ್ತೆಯನ್ನು ನೋಡಿದ, ಮೇಲೆ ಮನೆಯನ್ನು ನೋಡಿದ, ಅವಳ ಕೈಯನ್ನು ನೋಡಿದ. "ಮನೆಗೆ ಹೋಗೋಣ," ಎಂದು ಗಾಡಿ ತಿರುಗಿಸಿದ.

ಏರು ಹತ್ತುವುದು ಇಳಿದಷ್ಟು ಸುಲಭವಲ್ಲ. ಬ್ಯಾಟರಿ ಹೇರಿಕೊಂಡು ಅಷ್ಟು ವರ್ಷ ಹತ್ತಿದ ದಾರಿಯಲ್ಲಿ ಅವನು ಅಂದು ಎತ್ತಿನ ಹಾಗೆ ಬಗ್ಗಿ ಎಳೆದ. ಬೀದಿಯವರು ಓಡಿಬಂದು ಕೈ ಹಚ್ಚಿದರು. ಗಿರಣಿಯ ತಿರುವಿನಲ್ಲಿ ಅವಳ ತಲೆ ನನ್ನ ತೋಳಿಗೆ ವಾಲಿತು. ನನಗೆ ತಿಳಿಯಿತು. ಮುಂದೆ ಎಳೆಯುತ್ತಿದ್ದವನಿಗೆ ತಿಳಿಯಲಿಲ್ಲ, ನಾನು ಆ ತಲೆಯನ್ನು ತೋಳಿಗೆ ಆನಿಸಿಕೊಂಡೇ ಗಾಡಿ ತಳ್ಳಿದೆ. ಮನೆಯ ಬಾಗಿಲವರೆಗೂ ಅವನು ಇನ್ನೇನು ಬಂತು, ಇನ್ನೇನು ಬಂತು ಎನ್ನುತ್ತಲೇ ಎಳೆದ. ಒಳಗೆ ಯಂತ್ರದ ಸ್ವಿಚ್ಚು ಆರಿಸಿರಲಿಲ್ಲ. ಅದು ತನ್ನ ಪಾಡಿಗೆ ಓಡುತ್ತಿತ್ತು. ಕೊಳವೆ ಖಾಲಿ ದಿಂಬಿನ ಮೇಲೆ ಬಿದ್ದು ಬುಸುಬುಸು ಗಾಳಿ ಬಿಡುತ್ತಿತ್ತು. ಅವನು ಅವಳನ್ನು ಮಂಚದ ಮೇಲೆ ಮಲಗಿಸಿ, ಕೊಳವೆಯನ್ನು ಒರೆಸಿ, ಮೂಗಿಗೆ ಸರಿಯಾಗಿ ಇಟ್ಟ. ಕಾದ. ನಾವೆಲ್ಲ ಅಳುವುದಕ್ಕೆ ಶುರುಮಾಡಿದ ಮೇಲೂ ಕಾದ.

ಇಳಿದು ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಬೀದಿಯವರು ಬಹಳ ದಿನ ಮಾತಾಡಿಕೊಂಡರು. ಅದು ಯಾರಿಗೆ ಗೊತ್ತು? ಅವನ ಮುಂದೆ ಮಾತ್ರ ಯಾರೂ ಆಡಲಿಲ್ಲ. ಈಗ ಅವನು ಗಿರಣಿಯಲ್ಲಿ ಹಿಟ್ಟು ತೂಗುತ್ತಾನೆ. ಅಂಗಿಗೆ ಹಿಟ್ಟು ಮೆತ್ತಿರುತ್ತದೆ, ತೂತು ಬೀಳುವುದಿಲ್ಲ, ನನ್ನ ಅಂಗಡಿಗೆ ಬರುವ ಕೆಲಸವಿಲ್ಲ. ಕರೆಂಟು ಆಗೀಗ ಹೋಗುತ್ತದೆ, ಬರುತ್ತದೆ. ಬೀದಿಯಲ್ಲಿ ಯಾರೂ ಕೂಗುವುದಿಲ್ಲ. ಹಾಗೆಂದು ಯಾರೂ ಮಾತಾಡಿಕೊಂಡದ್ದಲ್ಲ, ತಾನಾಗಿ ನಿಂತಿತು.

ಮೊನ್ನೆ ಎದುರು ಮನೆಗೆ ಹೊಸದಾಗಿ ಬಂದ ಸೊಸೆಗೆ ಇದು ತಿಳಿದಿರಲಿಲ್ಲ. ಮಧ್ಯಾಹ್ನ ಹೋದ ಕರೆಂಟು ಬಂದಾಗ ಆ ಹುಡುಗಿ ಜಗಲಿಗೆ ಓಡಿಬಂದು "ಬಂತೂ" ಎಂದು ಕೂಗಿಬಿಟ್ಟಳು. ಅವಳ ಅತ್ತೆ ಧಾವಿಸಿ ಬಂದು ಬಾಯಿಗೆ ಕೈ ಅಡ್ಡ ಹಿಡಿದಳು. ಅಣ್ಣ ಊಟಕ್ಕೆ ಮನೆಗೆ ಬಂದಿದ್ದ. ಹೊರಗೆ ಬಂದು ನಿಂತ. ಹುಡುಗಿ ತಾನು ಮಾಡಿದ ತಪ್ಪೇನು ಎಂದು ತಿಳಿಯದೆ ಬೆದರಿ ನೋಡುತ್ತಿತ್ತು.

"ಕೂಗ್ಲಿ ಬಿಡಿ ಅಕ್ಕ," ಎಂದ ಅವನು. "ಕರೆಂಟು ಏನು ಮಾಡ್ತು? ಅದು ಬಂತು. ನಾನೇ ಅವಳನ್ನ ಕರ್ಕೊಂಡು ಬರೋದು ತಡ ಆಯ್ತು."

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಗೋಡೆಗೆ ಕಿವಿ ಕೊಟ್ಟು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಮಂಚದ ಕಂಬಿಗೆ ಲೋಟ ಬಡಿದ ಸದ್ದು ಕೇಳಿಸಿತು. ಒಂದೇ ಸಲ.