ಅತ್ತಿಯ ಎದೆಯಲ್ಲಿ ಏನೂ ಇರಲಿಲ್ಲ

ಲ್ಯಾಬಿನಲ್ಲಿ ಪಕ್ಕದವರು ಹೊಟ್ಟೆ ಸರಿಯಿಲ್ಲವೆಂದು ಅಜವಾನ ಅಗಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸುರಪುರದಲ್ಲಿ ನಾವೆಲ್ಲ ಅತ್ತಿ ಎನ್ನುತ್ತಿದ್ದ ನೆರೆಮನೆಯ ಹೆಂಗಸು ನೆನಪಾದಳು. ಎದೆ ನೋವೆಂದಾಗಲೆಲ್ಲ ಮನೆಯವರು ಆಕೆಯ ಕೈಗೆ ಹಾಕುತ್ತಿದ್ದದ್ದು ಇದನ್ನೇ. ಗ್ಯಾಸಂತೆ, ಗ್ಯಾಸು!

ಅತ್ತಿ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದಳು. ಗೋಡೆಯಾಚೆ ಆ ಸದ್ದು ನಡುವೆಯೇ ನಿಂತರೆ ನೋವು ಬಂದಿದೆ ಎಂದು ನಮಗೆ ತಿಳಿಯುತ್ತಿತ್ತು. ಸೊಸೆಗೆ ಮಾತ್ರ ಅದು ಕೆಲಸ ತಪ್ಪಿಸುವ ನೆಪ. ಕಡೆಗೆ ಆಕೆಯ ಮಗ, ನಾನು ಸೇರಿ ಯಾದಗಿರಿಯಲ್ಲಿ ರೈಲು ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಆಗಷ್ಟೇ ಎಕ್ಸರೇ ಕೋರ್ಸು ಮುಗಿಸಿದ್ದ ನನಗೆ ಗರ್ವದಲ್ಲಿ ನೆಲ ಕಾಣುತ್ತಿರಲಿಲ್ಲ. ಹೃದಯದ ನಾಳಗಳಿಗೆ ಔಷಧಿ ಬಿಟ್ಟು ಚಿತ್ರ ತೆಗೆದರು. ಎಲ್ಲ ಸ್ವಚ್ಛ. ಸೊಸೆ ಓಣಿಗೆಲ್ಲ ಪೇಢೆ ಹಂಚಿದಳು. ಮರುದಿನವೇ ಹಿಟ್ಟು ನಾದುವ ಪರಾತ ಅತ್ತಿಯ ಮುಂದೆ ಬಂತು.

ಒಂದು ಸಂಜೆ ಆಕೆ ನನ್ನನ್ನು ಕರೆದು ಕೂರಿಸಿಕೊಂಡಳು.

"ಫೋಟೋದಾಗ ಇಲ್ಲಂದ್ರ ನನ್ನ ನೋವು ಸುಳ್ಳೇನಪಾ? ನೀ ಕಲ್ತಾಂವ, ಖರೇ ಹೇಳು."

"ಫೋಟೋ ಸುಳ್ಳು ಹೇಳಂಗಿಲ್ಲ ಅತ್ತಿ. ನಿನ್ನ ಎದ್ಯಾಗ ಏನೂ ಇಲ್ಲ," ಎಂದೆ. ಎಂಥ ಗತ್ತು ನನ್ನದು...

ಅತ್ತಿ ಮತ್ತೆ ನೋವಿನ ಮಾತೆತ್ತಲಿಲ್ಲ. ರೊಟ್ಟಿಯ ಸದ್ದು ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಒಲೆಯ ಮುಂದೆ ಕೂತಲ್ಲೇ ಹೋಗಿಬಿಟ್ಟಳು.

ಈಗ ಈ ಲ್ಯಾಬಿನಲ್ಲಿ ನನ್ನ ಕೆಲಸ, ಅರಿವಳಿಕೆ ಕೊಟ್ಟು ಮಲಗಿಸಿದ ಇಲಿಯ ಹೃದಯದ ಚಿತ್ರ ತೆಗೆಯುವುದು. ಆಸ್ಪತ್ರೆಯ ಯಂತ್ರಕ್ಕೆ ಕಾಣದ ಕೂದಲೆಳೆಯಂಥ ನಾಳಗಳೂ ಈ ಎಕ್ಸರೇಗೆ ಕಾಣುತ್ತವೆ. ಇವತ್ತು ಪರದೆಯ ಮೇಲೆ ದೊಡ್ಡ ನಾಳಗಳೆಲ್ಲ ಸ್ವಚ್ಛವಾಗಿದ್ದವು. ಸಣ್ಣವು ಮಾತ್ರ ಬಡಿಯುವ ಹೃದಯದಲ್ಲೇ ಒಂದೊಂದಾಗಿ ಮುದುಡಿಕೊಂಡವು. ಎದೆ ನೋಯಲು ಅಷ್ಟೇ ಸಾಕು. ಅತ್ತಿಗೂ ಇದೇ ಆಗಿತ್ತೆಂದು ನಾನು ಹೇಳಲಾರೆ. ಆದರೆ ಏನೂ ಇಲ್ಲ ಎನ್ನಲು ನಾನ್ಯಾವ ದೊಡ್ಡ ಮನುಷ್ಯ? ಕಾಣಲಿಲ್ಲ ಅನ್ನಬೇಕಿತ್ತು. ಒಂದೇ ಮಾತು, ಅದೂ ಬಾಯಿಗೆ ಬರಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ತಪ್ಪಾಯ್ತು ಎನ್ನೋಣವೆಂದರೆ ಅತ್ತಿಯಿಲ್ಲ. ತಡೆಯಲಾರದೆ ಆಕೆಯ ಮಗನಿಗೆ ಫೋನ್ ಮಾಡಿ, ಸಣ್ಣ ನಾಳಗಳ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವನು ಸಮಾಧಾನದಿಂದಲೇ ಕೇಳಿಸಿಕೊಂಡ.

"ಯಾಕ ತಲಿ ಕೆಡಿಸ್ಕೊಳ್ಳಾಕತ್ತಿಯೋ," ಎಂದ. "ಅವ್ವಗ ಎದ್ಯಾಗ ಏನೂ ಇರಲಿಲ್ಲ. ನೀನ ಹೇಳಿದ್ದಿಯಲ್ಲ."