ಉಡಿ ತುಂಬಿಸಿಕೊಂಡು ಬಂದವಳು

ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನಲ್ಲಿ ದ್ಯಾಮವ್ವ ಗೊತ್ತಿಲ್ಲದ ಕನ್ನಡದವರೇ ಇಲ್ಲ. ಸಂಜೆ ಇಳಕಲ್ ಸೀರೆಯ ಮೇಲೆ ಪಫರ್ ಜಾಕೆಟ್ ಏರಿಸಿ, ಕಾಲಿಗೆ ಮೊಮ್ಮಗಳ ಹಳೇ ರನ್ನಿಂಗ್ ಶೂ ಸಿಕ್ಕಿಸಿಕೊಂಡು ವಾಕಿಂಗಿಗೆ ಹೊರಟಳೆಂದರೆ, ನಾಯಿ ಹಿಡಿದುಕೊಂಡು ಬರುವ ಅಮೆರಿಕದವರೂ ನಿಂತು ಕೈ ಬೀಸುತ್ತಾರೆ. ಅವಳೂ ನಿಲ್ಲುತ್ತಾಳೆ. ನಾಯಿಗೆ ಊಟ ಆಯಿತಾ, ಯಾಕಿಷ್ಟು ಸೊರಗಿದೆ, ರಾತ್ರಿ ಕೆಮ್ಮುತ್ತದಾ ಅಂತ ಅಪ್ಪಟ ಗದಗಿನ ಕನ್ನಡದಲ್ಲಿ ವಿಚಾರಿಸಿ, ಏನಾದರೊಂದು ಉತ್ತರ ಪಡೆದುಕೊಂಡೇ ಮುಂದಕ್ಕೆ ಹೆಜ್ಜೆ ಇಡುವುದು. ಮಾತೆಂದರೆ ಅವಳಿಗೆ ಅನ್ನವಿದ್ದ ಹಾಗೆ. ಬೇರೆಯವರಿಗೆ ಹಾಕುವುದೂ ಬೇಕು, ತಾನು ಉಣ್ಣುವುದೂ ಬೇಕು.

ಆ ಅನ್ನವೇ ಮನೆಯಲ್ಲಿ ನಿಂತುಹೋಗಿತ್ತು.

ಗಂಡ ಸಿದ್ರಾಮಪ್ಪನವರು ಗದಗಿನ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರು. ಅವರು ಪಾಠಕ್ಕೆ ನಿಂತರೆ ಪಕ್ಕದ ಕ್ಲಾಸಿನ ಗಣಿತದ ಮಾಸ್ತರು ಬಾಗಿಲು ಹಾಕಿಕೊಳ್ಳಬೇಕಿತ್ತು, ಅಂಥ ಗಂಟಲು! ಮನೆಯಲ್ಲೂ ಅಷ್ಟೇ. ಗಂಡ ಹೆಂಡತಿ ಬೆಳಗಿನ ಚಹಾದಿಂದ ರಾತ್ರಿಯ ಮಜ್ಜಿಗೆಯವರೆಗೆ ಜಗಳವಾಡುತ್ತಿದ್ದರು. ಮಗಳು ಶೀತಲ್ ಕರೆದಳೆಂದು ಅಮೆರಿಕಕ್ಕೆ ಬಂದು ನೆಲೆಸಿದ ಮೇಲೂ ಅದೇ ರಾಗ, ಜಾಗ ಮಾತ್ರ ಬೇರೆ. ಆಮೇಲೆ ಸಿದ್ರಾಮಪ್ಪನವರಿಗೆ ಲಕ್ವಾ ಹೊಡೆಯಿತು. ಕೈ ಬಂತು, ಕಾಲು ಬಂತು, ಮಾತು ಬರಲಿಲ್ಲ. ಥೆರಪಿಯವಳು ಎಷ್ಟು ತಿಣುಕಾಡಿದರೂ ಬಾಯಿಂದ ಬರೀ ಉಸಿರು. ಶೀತಲ್ ಆಫೀಸಿಗೆ, ಮೊಮ್ಮಗಳು ನಿಸರ್ಗಾ ಕಾಲೇಜಿಗೆ ಹೋದಮೇಲೆ ಆ ದೊಡ್ಡ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದು, ಹಿತ್ತಲಾಚೆ ಫ್ರೀವೇಯ ಸದ್ದು, ಅಷ್ಟೇ. ದ್ಯಾಮವ್ವ ಏನಾದರೂ ಅಂದು, ಅಭ್ಯಾಸಬಲದಿಂದ ಉತ್ತರಕ್ಕಾಗಿ ತಡೆದು ನಿಲ್ಲುತ್ತಿದ್ದಳು. ಆ ತಡೆದು ನಿಲ್ಲುವ ಗಳಿಗೆಯೇ ಅವಳನ್ನು ಕೊಲ್ಲುತ್ತಿತ್ತು. ಒಮ್ಮೆ, ಒಂದೇ ಒಂದು ಸಲ ಅವರು ತಿರುಗಿ ಬೈದರೆ ಸಾಕು ಅಂತ ಅವಳು ಬೇಡಿಕೊಳ್ಳದ ದೇವರಿರಲಿಲ್ಲ.

ಅಪ್ಪನ ಹುಟ್ಟುಹಬ್ಬಕ್ಕೆ ಶೀತಲ್ ಒಂದು ಪ್ರೈವೇಟ್ ಟೂರು ಬುಕ್ ಮಾಡಿದಳು. ಅರ್ಧ ದಿನದ್ದು, ಸಮುದ್ರದ ದಂಡೆಗುಂಟ ಹೋಗಿ ಒಂದು ಪ್ರಾಚೀನ ಗ್ರೀಕ್ ದೇವಾಲಯ ನೋಡಿಕೊಂಡು ಬರುವುದು. ಒಮ್ಮೆಯಾದರೂ ಗ್ರೀಸಿಗೇ ಹೋಗಬೇಕೆಂಬುದು ಸಿದ್ರಾಮಪ್ಪನವರ ಜೀವಮಾನದ ಹುಚ್ಚಾಗಿತ್ತು, ಆದರೆ ದೂರದ ವಿಮಾನ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಹಾಗಾಗಿ ಇದು. ಹಿಂದೆ ಯಾರೋ ಮರದ ವ್ಯಾಪಾರಿಯೊಬ್ಬ ಗ್ರೀಸಿನ ಯಾವುದೋ ದ್ವೀಪದ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿಸಿ, ಹಡಗಿನಲ್ಲಿ ತರಿಸಿ, ಕ್ಯಾಲಿಫೋರ್ನಿಯಾದ ಕಡಲಂಚಿನ ತನ್ನ ಎಸ್ಟೇಟಿನಲ್ಲಿ ಮತ್ತೆ ಜೋಡಿಸಿದ್ದನಂತೆ. ಶೀತಲ್‌ಗೆ ಅಂದು ಮೀಟಿಂಗು, ಅವಳ ಬದಲು ನಿಸರ್ಗಾ ಜೊತೆಗೆ.

ಬೆಳಿಗ್ಗೆ ದ್ಯಾಮವ್ವ ಗ್ರೋಸರಿ ಚೀಲಕ್ಕೆ ಅಕ್ಕಿ, ಗುಳೇದಗುಡ್ಡದ ಕುಪ್ಪಸದ ಕಣ, ತೆಂಗಿನಕಾಯಿ, ಉತ್ತತ್ತಿ, ಬೆಲ್ಲ, ಎಲೆ ಅಡಿಕೆ, ಅರಿಶಿನ ಕುಂಕುಮ ತುಂಬುವುದನ್ನು ನೋಡಿ ನಿಸರ್ಗಾ ಹಣೆ ಚಚ್ಚಿಕೊಂಡಳು.

"ಅಜ್ಜಿ, ಇಟ್ಸ್ ಜಸ್ಟ್ ಅ ರೂಯಿನ್. ದೇವ್ರೇ ಇಲ್ಲ ಅಲ್ಲಿ!"

"ದೇವ್ರಿಲ್ದ ಗುಡಿ ಹೆಂಗ ಆಕ್ಕೈತಿ? ಎಲ್ಲ್ಯಾರ ಹೋಗಿರ್ಬೇಕು, ಬರ್ತಾಳ ತಗೊ. ಗುಡಿಗೆ ಖಾಲಿ ಕೈಲೆ ಹೊಕ್ಕರ ನನ್ನ ಕಾಲು ಎತ್ತಿ ಇಡಾಕ ಬರೂದಿಲ್ಲವಾ."

ವ್ಯಾನು ತಂದವನು ಅಲ್ಲೇ ಕ್ಯಾಲಿಫೋರ್ನಿಯಾದ ಡಬ್ಲಿನ್ ಊರಿನಲ್ಲಿರುವ ತರುಣ್. ಟೂರಿನ ಗೈಡೂ ಅವನೇ, ಡ್ರೈವರೂ ಅವನೇ. ಕನ್ನಡದವನೆಂದು ತಿಳಿದದ್ದೇ ತಡ ದ್ಯಾಮವ್ವನಿಗೆ ಹಬ್ಬ.

"ಯಾವೂರಪಾ ತಮ್ಮಾ?"

"ಬೆಂಗ್ಳೂರು ಆಂಟಿ, ಬಸವನಗುಡಿ."

"ಲಗ್ನ ಆಗೈತೋ ಇಲ್ಲೋ?"

"ಆಂಟಿ, ಇನ್ನೂ ಗಾಡಿ ಸ್ಟಾರ್ಟೇ ಆಗಿಲ್ಲ!" ಅಂತ ಅವನು ನಕ್ಕ. ಮುಂದಿನ ಸೀಟಿನಲ್ಲಿ ಕೂತಿದ್ದ ಸಿದ್ರಾಮಪ್ಪನವರ ಭುಜವೂ ಕುಲುಕಿತು. ಸದ್ದಿಲ್ಲದ ನಗು. ದ್ಯಾಮವ್ವ ಆ ಭುಜವನ್ನೇ ನೋಡುತ್ತಾ ಕೂತಳು.

ಹದಿನೇಳನೇ ಹೈವೇಯ ತಿರುವುಗಳನ್ನು ಇಳಿದು, ಸಾಂಟಾ ಕ್ರೂಝ್ ದಾಟಿ, ಕಡಲಿನ ದಾರಿ ಹಿಡಿಯುತ್ತಿದ್ದಂತೆ ಮಂಜು ಮುತ್ತಿತು. ಎಂಥ ಮಂಜು ಅಂತೀರಿ! ಕಡಲಿನ ಮೊರೆತ ಕಿವಿಯ ಪಕ್ಕದಲ್ಲೇ ಇದೆ, ಕಡಲೇ ಇಲ್ಲ. ಎಸ್ಟೇಟಿನ ಗೇಟು ತೆಗೆದು ಒಳಗೆ ನಡೆದು ಹೋದರೆ ಒಂದು ಕಂಬ ಕಂಡಿತು, ಆಮೇಲೆ ಇನ್ನೊಂದು, ಯಾರೋ ಒಬ್ಬೊಬ್ಬರಾಗಿ ಎದ್ದು ಬಂದು ನಿಂತಂತೆ. ಛಾವಣಿ ಇಲ್ಲ. ಹಕ್ಕಿಯ ಒಂದು ಕೂಗೂ ಇಲ್ಲ. ಸಿದ್ರಾಮಪ್ಪನವರು ಕಂಬಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಂತುಬಿಟ್ಟರು.

ಒಳಗೆ, ಗರ್ಭಗುಡಿ ಇರಬೇಕಾದಲ್ಲಿ, ಒಂದು ಪೀಠ. ಪೀಠದ ಮೇಲೆ ಎರಡು ಕಲ್ಲಿನ ಪಾದ. ಅಷ್ಟೇ. ಕಣಕಾಲಿನಿಂದ ಮೇಲಕ್ಕೆ ಏನೂ ಇಲ್ಲ.

"ಉಳಿದಿದ್ದು ಇಷ್ಟೇ ಆಂಟಿ," ಅಂದ ತರುಣ್. "ಯಾವ್ ದೇವ್ರು ಅಂತ ಯಾರಿಗೂ ಗೊತ್ತಿಲ್ಲ. ಹೆಂಗಸಿನ ಕಾಲು ಅಂತಾರೆ, ದಟ್ಸ್ ಆಲ್."

ಹೆಂಗಸಿನ ಕಾಲೇ. ದ್ಯಾಮವ್ವನಿಗೆ ಅದರಲ್ಲಿ ಅನುಮಾನವೇ ಬರಲಿಲ್ಲ. ಬೆರಳಲ್ಲಿ ಕಾಲುಂಗುರವಿಲ್ಲದ, ಸಣ್ಣ ವಯಸ್ಸಿನ ಪಾದ. ತವರಿನಿಂದ ಎತ್ತಿಕೊಂಡು ಬಂದು ಈ ಥಂಡಿ ಗಾಳಿಯಲ್ಲಿ ಬಿಟ್ಟು ಹೋದ ಹುಡುಗಿಯದು. ದ್ಯಾಮವ್ವ ಮೊಣಕಾಲೂರಿ ಪಾದಗಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಮುಂದೆ ಕಣ ಹಾಸಿ ಅಕ್ಕಿ, ಕಾಯಿ, ಉತ್ತತ್ತಿ, ಬೆಲ್ಲ, ಎಲೆ ಅಡಿಕೆ ಇಟ್ಟು ಉಡಿ ತುಂಬಿದಳು.

"ಯವ್ವಾ, ನೀ ಯಾರೋ ಏನೋ, ನನಗ ಗೊತ್ತಿಲ್ಲ. ನನ್ನ ಮನಿಯಾಗ ಮಾತು ನಿಂತೈತಿ. ನನ್ನ ಗಂಡಗ ಬಾಯಿ ಕೊಡು. ಬ್ಯಾರೆ ಏನೂ ಕೇಳೂದಿಲ್ಲ."

ಪಾದಗಳು ಒದ್ದೆಯಾಗಿದ್ದವು. ಮಂಜಿನ ನೀರಿರಬೇಕು. ಬೆರಳಿಗೆ ತಾಗಿದ್ದು ಮಾತ್ರ ಯಾಕೋ ಬೆಚ್ಚಗಿತ್ತು.

ಅಷ್ಟರಲ್ಲಿ ತರುಣ್ ಓಡಿ ಬಂದ. "ಅಯ್ಯೋ ಆಂಟಿ, ಇಲ್ಲಿ ಏನೂ ಬಿಟ್ಟೋಗಂಗಿಲ್ಲ! ಒಂದ್ ಕಾಳು ಅಕ್ಕಿ ಸಿಕ್ರೂ ನನ್ ಪರ್ಮಿಟ್ಟೇ ಕ್ಯಾನ್ಸಲ್ಲು. ಪ್ಲೀಸ್, ಎಲ್ಲಾ ತಗೊಂಬಿಡಿ."

"ದೇವಿಗೆ ಕೊಟ್ಟಿದ್ದು ತಿರುಗಿ ಒಯ್ಯೂದ ಹೆಂಗೋ ತಮ್ಮಾ?"

"ನಿಮ್ ಕಾಲಿಗ್ ಬೀಳ್ತೀನಿ ಆಂಟಿ."

ಪಾಪದ ಹುಡುಗ. ದ್ಯಾಮವ್ವ ಇದ್ದಬದ್ದದ್ದನ್ನೆಲ್ಲ ಕಣದಲ್ಲೇ ಕಟ್ಟಿ ಗಂಟು ಮಾಡಿ ಎದೆಗೊತ್ತಿಕೊಂಡು ವ್ಯಾನಿಗೆ ಬಂದಳು. ಪಕ್ಕದ ಸೀಟಿನ ಮೇಲೆ ಗಂಟು ಇಟ್ಟು, ನಿಟ್ಟುಸಿರು ಬಿಟ್ಟು, ಹಿಂದಕ್ಕೆ ಒರಗಿದ ಮೇಲೆಯೇ ಅವಳಿಗೆ ತಾನು ಮಾಡಿದ್ದು ಹೊಳೆದದ್ದು. ದೇವಿಗೆ ಉಡಿ ತುಂಬಿದರೆ ಒಂದು ಹಿಡಿ ಅಕ್ಕಿ ಪ್ರಸಾದ ಅಂತ ತರುವುದು ಪದ್ಧತಿ, ಮಿಕ್ಕದ್ದು ಅವಳಿಗೆ. ಇಡೀ ಉಡಿ ಹೊಸ್ತಿಲು ದಾಟುವುದು ಒಂದೇ ಸಲ, ಮನೆಯ ಮಗಳನ್ನು ಕಳಿಸಿಕೊಡುವಾಗ. ಉಡಿ ಮುಂದೆ, ಮಗಳು ಅದರ ಜೊತೆಗೆ. ಉಡಿ ತುಂಬಿಸಿಕೊಂಡು ಹೊರಟವಳನ್ನು ಹೊಸ್ತಿಲಲ್ಲಿ ತಡೆಯುವುದುಂಟೇ?

ವ್ಯಾನು ಹೊರಟಿತು. ಹೊರಟ ಕೂಡಲೇ ಟಿಣ್ ಟಿಣ್ ಟಿಣ್ ಅಂತ ಬಡಿದುಕೊಳ್ಳತೊಡಗಿತು.

"ಆಂಟಿ, ಬೆಲ್ಟು?"

"ನಾ ಹಾಕ್ಕೊಂಡೇನಿ."

"ನಿಮ್ ಪಕ್ಕದ ಸೀಟು ತೋರಿಸ್ತಿದೆ. ಯಾರೋ ಕೂತಿದಾರೆ ಅಂದ್ಕೊಂಡಿದೆ ಸೆನ್ಸರ್ರು. ಅಕ್ಕಿ ತೂಕಕ್ಕೆ ಇರ್ಬೇಕು." ಅವನು ಕನ್ನಡಿಯಲ್ಲಿ ಗಂಟನ್ನು ನೋಡಿದ. ಬೆಕ್ಕಿನಷ್ಟೂ ತೂಕವಿಲ್ಲದ ಗಂಟು. ಅವನ ನಗು ಸ್ವಲ್ಪ ಸಣ್ಣದಾಯಿತು.

ಹಿಂದಿನ ಸೀಟಿನಿಂದ ನಿಸರ್ಗಾ ಬಗ್ಗಿ ಬೆಲ್ಟು ಎಳೆದು ಸಿಕ್ಕಿಸಿದಳು. ಸದ್ದು ನಿಂತಿತು. ಬೆಲ್ಟು ಗಂಟಿನ ಮೇಲೆ ಬಿಗಿಯಾಗಿ ಕೂರಬೇಕಿತ್ತಲ್ಲ, ಕೂರಲಿಲ್ಲ. ಗಂಟಿನಿಂದ ಮೇಲೆ, ಏನೂ ಇಲ್ಲದ ಜಾಗದಲ್ಲಿ ಉಬ್ಬಿಕೊಂಡು ನಿಂತಿತ್ತು. ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ದ್ಯಾಮವ್ವ ಬಾಗಿಲ ಕಡೆಗೆ ಸರಿದು ಕೂತಳು.

ಆಗ ಸಿದ್ರಾಮಪ್ಪನವರು ಮಾತಾಡಿದರು.

ಅಳೆದು ಸುರಿದು ಒಂದು ಶಬ್ದವಲ್ಲ, ಧಾರೆಧಾರೆಯಾಗಿ! ಅದೇ ಗಂಟಲು, ಅದೇ ಮಾಸ್ತರಿಕೆಯ ಗತ್ತು. ಆದರೆ ಒಂದಕ್ಷರ ಕನ್ನಡವಲ್ಲ. ತೆರೆ ಹಿಂದಕ್ಕೆ ಸರಿಯುವಾಗ ನುಣ್ಣನೆಯ ಕಲ್ಲುಗಳು ಒಂದರ ಮೇಲೊಂದು ಉರುಳುತ್ತವಲ್ಲ, ಅಂಥ ಮಾತು.

"ಅಜ್ಜ! ಓ ಮೈ ಗಾಡ್, ಅಜ್ಜ ಈಸ್ ಟಾಕಿಂಗ್!" ನಿಸರ್ಗಾ ಕಿರುಚಿ, ನಕ್ಕು, ಅತ್ತುಬಿಟ್ಟಳು. ತರುಣ್ ಗಾಬರಿಯಿಂದ ರಸ್ತೆ ಪಕ್ಕದ ಖಾಲಿ ಜಾಗಕ್ಕೆ ವ್ಯಾನು ಹಾಕಿದ. ನಿಸರ್ಗಾ ಫೋನಿನ ಟ್ರಾನ್ಸ್‌ಲೇಟ್ ಆ್ಯಪ್ ಹಿಡಿದಳು. ಗ್ರೀಕ್ ಇರಬಹುದಾ ಎಂದಿತು, ಅಲ್ಲವೆಂದಿತು, ಭಾಷೆ ಗೊತ್ತಾಗುತ್ತಿಲ್ಲವೆಂದು ಸುಮ್ಮನಾಯಿತು.

"ಸ್ಟ್ರೋಕ್ ಆದ್ಮೇಲೆ ಕೆಲವ್ರಿಗೆ ಹಿಂಗಾಗತ್ತಂತೆ," ಅಂದ ತರುಣ್. ತನ್ನ ಮಾತಿನಲ್ಲಿ ಅವನಿಗೇ ನಂಬಿಕೆಯಿರಲಿಲ್ಲ.

ದ್ಯಾಮವ್ವನಿಗೆ ಆ್ಯಪೂ ಬೇಕಿರಲಿಲ್ಲ, ಡಾಕ್ಟರೂ ಬೇಕಿರಲಿಲ್ಲ. ಮೈಮೇಲೆ ಬರುವುದನ್ನು ಚಿಕ್ಕವಳಿದ್ದಾಗಿನಿಂದ ಕಂಡವಳು ಅವಳು. ಬಂದವರನ್ನು ಕೇಳಬೇಕು. ಮುಂದಕ್ಕೆ ಬಾಗಿ, ಗಂಡನ ಹೆಗಲು ಮುಟ್ಟದೆ, ಮೆಲ್ಲಗೆ ಕೇಳಿದಳು.

"ಯಾರವ್ವಾ ನೀನು? ಏನ್ ಬೇಕಾಗೈತಿ?"

ಸಿದ್ರಾಮಪ್ಪನವರು ತಿರುಗಿದರು. ಕಣ್ಣು ಅವರದ್ದೇ, ನೋಟ ಮಾತ್ರ ಬೇರೆಲ್ಲಿಂದಲೋ ಇಣುಕುತ್ತಿತ್ತು.

"ದ್ಯಾಮವ್ವಾ," ಅಂದರು.

ಮುಂದಕ್ಕೆ ಬಾಗಿದ್ದವಳು ಥಟ್ಟನೆ ಹಿಂದಕ್ಕೆ ಸರಿದಳು. ಮದುವೆಯಾದಾಗಿನಿಂದ 'ಏ ಇಕಿನ' ಬಿಟ್ಟು ಬೇರೆ ಕರೆದ ಗಂಡನಲ್ಲ. ಹೆಂಡತಿಯ ಹೆಸರು ಹಿಡಿದರೆ ನಾಲಿಗೆ ಬಿದ್ದುಹೋಗುತ್ತದೆಂದು ನಂಬಿದ ಮನುಷ್ಯ.

"ಆಂಟಿ," ತರುಣ್ ಪಿಸುಗುಟ್ಟಿದ. ಅವನ ಮುಖ ಸುಣ್ಣವಾಗಿತ್ತು. "ವಾಪಸ್ ಹೋಗ್ಬಿಡೋಣ್ವಾ? ಗೇಟು ಇನ್ನೂ ತೆಗ್ದಿರತ್ತೆ. ಗಂಟು ಅಲ್ಲೇ ಇಟ್ಬಿಡಿ. ಪರ್ಮಿಟ್ ಹೋದ್ರೆ ಹೋಗ್ಲಿ."

ದ್ಯಾಮವ್ವ ಯೋಚಿಸಿದಳು. ಉಡಿ ಹಿಂದಕ್ಕೆ ಕೊಟ್ಟರೆ ಬಂದವಳು ಹೋಗುತ್ತಾಳೆ. ಅವಳ ಜೊತೆಗೇ ಮಾತೂ ಹೋಗುತ್ತದೆ. ಗಂಡ ಗಂಡನಾಗಿಯೇ ಉಳಿಯುತ್ತಾರೆ, ಉಸಿರಷ್ಟೇ ಬಿಡುವ ಗಂಡ. ಮತ್ತೆ ಫ್ರಿಜ್ಜು, ಮತ್ತೆ ಫ್ರೀವೇ. ಏನೋ ಅಂದು, ಉತ್ತರಕ್ಕಾಗಿ ತಡೆದು ನಿಲ್ಲುವುದು. ಪಕ್ಕದಲ್ಲಿ ಬೆಲ್ಟು ಏರಿತು, ಇಳಿಯಿತು. ಪಾಪ, ಅವಳಾದರೂ ಎಷ್ಟು ದಿನದಿಂದ ಬಾಯಿ ಕಟ್ಟಿಕೊಂಡು ಕೂತಿದ್ದಳೋ. ಕೇಳುವವರೇ ಇಲ್ಲದ ಊರಿನಲ್ಲಿ.

"ಗಾಡಿ ಮುಂದಕ್ಕ ಬಿಡಪಾ," ಅಂದಳು.

"ಆಂಟಿ, ಶ್ಯೂರಾ?"

"ಬಿಡು ಅಂದ್ನೆಲ್ಲ."

ಅಂದೇ ಸಂಜೆ ಉಡಿಯ ಅಕ್ಕಿ ಬೆಲ್ಲದಿಂದ ಹುಗ್ಗಿ ಮಾಡಿದಳು. ಶೀತಲ್ ಸಿಹಿ ಬಿಟ್ಟವಳು, ನಿಸರ್ಗಾಗೆ ಹುಗ್ಗಿ ಸೇರದು. ಗಂಡ ಹೆಂಡತಿ ಇಬ್ಬರೇ ಉಂಡರು. ಬೆಲ್ಲ ಅಷ್ಟು ಸುರಿದಿದ್ದರೂ ಹುಗ್ಗಿ ಉಪ್ಪುಪ್ಪಾಗಿತ್ತು. ಇಬ್ಬರೂ ತಳ ಕೆರೆದು ಮುಗಿಸಿದರು.

ಡಾಕ್ಟರು ಸ್ಕ್ಯಾನ್ ನೋಡಿ ತಲೆ ಕೆರೆದುಕೊಂಡರು, ಮಾತು ಬಂದದ್ದೇ ದೊಡ್ಡದು ಅಂದರು. ಶೀತಲ್ ಅಪ್ಪನ ದನಿ ಕೇಳಿ ಬಾತ್‌ರೂಮಿಗೆ ಹೋಗಿ ಅತ್ತು ಬಂದಳು. ಮನೆ ಗಿಜಿಗುಟ್ಟತೊಡಗಿತು! ಬೆಳಗಿನ ಚಹಾಕ್ಕೆ ಶುರುವಾದರೆ ಸಿದ್ರಾಮಪ್ಪನವರು ಅದೇ ಕಲ್ಲುರುಳುವ ಭಾಷೆಯಲ್ಲಿ ಕೈ ಬೀಸಿ, ಮೇಜು ಕುಟ್ಟಿ, ಮಾತು ಮಾತು ಮಾತು. ದ್ಯಾಮವ್ವ ಕನ್ನಡದಲ್ಲಿ ಬೈಯುತ್ತಿದ್ದಳು, ಅವರು ಅದಕ್ಕೆ ಏನೋ ಎದುರಾಡುತ್ತಿದ್ದರು. ಅರ್ಥವಾಗುತ್ತಿರಲಿಲ್ಲ, ನಿಜ. ಆದರೂ ಅವಳು ಮೊದಲಿಗಿಂತ ದಪ್ಪಗಾದಳು. ಶುಕ್ರವಾರಕ್ಕೊಮ್ಮೆ ದೇವರ ಕಪಾಟಿನಲ್ಲಿ ಹೊಸ ಕಣ ಇಟ್ಟು ಉಡಿ ತುಂಬಿದಳು, ಅದರ ಹುಗ್ಗಿಯನ್ನು ಇಬ್ಬರೂ ಉಂಡರು. ವಾಕಿಂಗಿಗೆ ಹೋಗುವುದು ಕಡಿಮೆಯಾಯಿತು. ಮನೆಯಲ್ಲೇ ಮಾತಿರುವಾಗ ಹೊರಗೇಕೆ?

ಮೊನ್ನೆ ಮಧ್ಯಾಹ್ನ ದ್ಯಾಮವ್ವ ರೊಟ್ಟಿ ಬಡಿಯುತ್ತಿದ್ದಳು. ಸಿದ್ರಾಮಪ್ಪನವರು ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ಯಾವುದೋ ದೊಡ್ಡ ಕತೆ ಎತ್ತಿದ್ದರು. ಹಡಗಿನದು. ಕತ್ತಲ ಹೊಟ್ಟೆಯೊಳಗೆ ಹುಲ್ಲು ಸುತ್ತಿ ಮಲಗಿಸಿದ್ದರಂತೆ, ಎಷ್ಟು ಕೂಗಿದರೂ ಯಾರೂ ಕೇಳಲಿಲ್ಲವಂತೆ. ದ್ಯಾಮವ್ವ ಲೊಚಗುಟ್ಟಿದಳು. ಇನ್ನೊಂದು ರೊಟ್ಟಿ ಹಾಕಲೇನು ಅಂದಳು. ಅವರು ಏನೋ ಚಾಷ್ಟಿ ಮಾಡಿದರು, ಅವಳು ಮರುಮಾತು ಎಸೆದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಾಗಿಲಲ್ಲಿ ನಿಸರ್ಗಾ ನಿಂತಿದ್ದಳು. ಹೆಗಲಿನಿಂದ ಬ್ಯಾಗು ಜಾರಿ ನೆಲಕ್ಕೆ ಬಿದ್ದಿತ್ತು.

"ಅಜ್ಜಿ," ಅಂದಳು. "ಈಗ ಏನಂದೆ ನೀನು?"

ರೊಟ್ಟಿ ಬೇಕೇನು ಅಂತ ಕೇಳಿದೆನಷ್ಟೇ ಎಂದು ಹೇಳಹೊರಟಳು ದ್ಯಾಮವ್ವ. ಹುಡುಗಿಯ ಮುಖ ನೋಡಿದರೆ ಹೇಳಿದ್ದು ಅವಳಿಗೆ ತಲುಪಿದಂತೆ ಕಾಣಲಿಲ್ಲ.

"ಅಜ್ಜಿ, ಸ್ಟಾಪ್. ದಟ್ಸ್ ನಾಟ್ ಕನ್ನಡ."

ದ್ಯಾಮವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಕಾಲೇಜಿನಿಂದ ಬಂದ ಕೂಸು, ಹಸಿದಿರುತ್ತದೆ, ಕೇಳಬೇಕು. ಆ ಮಾತಿಗಾಗಿ ಅವಳು ಒಳಗೆಲ್ಲ ತಡಕಾಡಿದಳು, ಯಾವಾಗಲೋ ಅಟ್ಟಕ್ಕೆ ಹಾಕಿದ ಪಾತ್ರೆಯನ್ನು ಹುಡುಕುವಂತೆ.

"ಹ... ಹಸದೀ ಏನವಾ?" ಅಂದಳು ಕೊನೆಗೆ. ಸ್ವಂತ ಬಾಯಲ್ಲಿ ಅದು ಯಾರದೋ ಮನೆಯ ಮಾತಿನಂತೆ ಕೇಳಿಸಿತು.

ನಿಸರ್ಗಾ ಹಿಂದಕ್ಕೆ ಒಂದೊಂದೇ ಹೆಜ್ಜೆ ಸರಿಯುತ್ತಾ ಅಮ್ಮನಿಗೆ ಫೋನ್ ಹಚ್ಚಿದಳು. ಅಷ್ಟರಲ್ಲಿ ಸ್ಟೂಲಿನ ಮೇಲಿನಿಂದ ಕತೆ ಮತ್ತೆ ಶುರುವಾಗಿತ್ತು, ಹಡಗು ದಡ ಮುಟ್ಟುವ ಜಾಗಕ್ಕೆ ಬಂದಿತ್ತು. ಮುಂದೇನಾಯಿತೆಂದು ಕೇಳುತ್ತಾ ದ್ಯಾಮವ್ವ ರೊಟ್ಟಿಯನ್ನು ಹಂಚಿನ ಮೇಲೆ ಮಗುಚಿ ಹಾಕಿದಳು.